ಗೆರೆಯ ಆಚೆ ನಿಂತವನಿಗೆ

ವೆಸ್ಟ್ ನಾರ್‌ವುಡ್, ಲಂಡನ್

ಚಿರಂಜೀವಿ ಸುಹಾಸನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಮೊಣಕಾಲಿನ ವಿಷಯ, ಆಪರೇಷನ್ನಿನ ವಿಷಯ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದನ್ನು ಮತ್ತೆ ಕೆದಕುವುದಿಲ್ಲ. ಫುಟ್‌ಬಾಲ್ ಕ್ಲಬ್ಬಿನ ಹುಡುಗರು ನಿನ್ನನ್ನು ಸೆಕ್ರೆಟರಿ ಆಗು ಎಂದು ಹಿಡಿದುಕೊಂಡಿದ್ದಾರೆ ಅನ್ನುವುದೂ ಗೊತ್ತು. ನನಗೆ ಎರಡು ರಾತ್ರಿ ನಿದ್ದೆ ಕೆಡಿಸಿದ್ದು ನಿನ್ನ ಕಾಗದದ ಕೊನೆಯ ಸಾಲು: ‘ಇನ್ನು ಮೇಲೆ ನಾನು ಗೆರೆಯ ಆಚೆ ನಿಂತವನು ಮಾವ, ಅಷ್ಟೇ.’

ಆ ‘ಅಷ್ಟೇ’ ನನ್ನನ್ನು ಕೊರೆಯುತ್ತಿದೆ ಕಣೋ.

ನಿನ್ನೆ ಬೆಳಿಗ್ಗೆ ಎದ್ದವನೇ ಇಲ್ಲಿಯ ಸ್ಮಶಾನಕ್ಕೆ ನಡೆದುಕೊಂಡು ಹೋದೆ. ಚಾರ್ಲ್ಸ್ ಆಲ್‌ಕಾಕ್ ಅನ್ನುವ ಹಳೆಯ ಕಾಲದ ಫುಟ್‌ಬಾಲ್ ಆಟಗಾರನ ಸಮಾಧಿ ಅಲ್ಲಿದೆ. ನೀನು ಚಿಕ್ಕವನಾಗಿದ್ದಾಗ ರಜೆಗೆ ಬಂದಿದ್ದಾಗ ತೋರಿಸಿದ್ದೆ, ನಿನಗೆ ಆಗ ಐಸ್‌ಕ್ರೀಮಿನ ಕಡೆಗೇ ಗಮನ. 1842ರಲ್ಲಿ ಸಂಡರ್‌ಲೆಂಡಿನಲ್ಲಿ ಹುಟ್ಟಿದವನು, ಹ್ಯಾರೋ ಶಾಲೆಯಲ್ಲಿ ಓದಿದವನು. ಹದಿನೇಳು ತುಂಬುವ ಹೊತ್ತಿಗೆ ಅಣ್ಣ ಜಾನ್ ಜೊತೆ ಸೇರಿ ಎಪ್ಪಿಂಗ್ ಕಾಡಿನ ಅಂಚಿನಲ್ಲಿ ‘ಫಾರೆಸ್ಟ್’ ಅಂತ ಒಂದು ಕ್ಲಬ್ ಕಟ್ಟಿದ. ಮುಂದೆ ಅದೇ ‘ವಾಂಡರರ್ಸ್’ ಆಯಿತು. ಆಡಿದ್ದಕ್ಕೆ ಒಂದು ಕಾಸೂ ತೆಗೆದುಕೊಂಡವನಲ್ಲ. 1870ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಆಟವನ್ನು ನಡೆಸುವ ಫುಟ್‌ಬಾಲ್ ಅಸೋಸಿಯೇಷನ್ನಿನ ಸೆಕ್ರೆಟರಿಯಾದಾಗ ಅವನಿಗೆ ನಿನ್ನದೇ ವಯಸ್ಸು, ಇಪ್ಪತ್ತೇಳು.

ಅವನು ಅದೇ ವರ್ಷ ಗ್ಲಾಸ್ಗೋದ ಪತ್ರಿಕೆಗೆ ಕಾಗದ ಬರೆದು, ಬನ್ನಿ ನಮ್ಮ ಜೊತೆ ಆಡಿ ಎಂದು ಸ್ಕಾಟ್ಲೆಂಡಿನವರನ್ನು ಕರೆದ. ಬರೆದ, ಕಾದ, ಮತ್ತೆ ಬರೆದ. ಕೊನೆಗೆ 1872ರ ನವೆಂಬರ್ 30ರಂದು ಗ್ಲಾಸ್ಗೋದ ಹ್ಯಾಮಿಲ್ಟನ್ ಕ್ರೆಸೆಂಟ್ ಮೈದಾನದಲ್ಲಿ ಎರಡು ದೇಶಗಳ ನಡುವಿನ ಮೊದಲ ಅಧಿಕೃತ ಪಂದ್ಯ ಕೂಡಿಬಂತು. ಆ ದಿನಕ್ಕೆ ಸರಿಯಾಗಿ ಅವನಿಗೆ ಗಾಯ. ನಾಯಕನ ಜಾಗ ಕತ್‌ಬರ್ಟ್ ಒಟ್ಟವೇ ಅನ್ನುವ ಹುಡುಗನಿಗೆ ಹೋಯಿತು. ಆಲ್‌ಕಾಕ್ ಅಂಪೈರ್ ಆಗಿ ನಿಂತ.

ನಾನು ಆ ಮಧ್ಯಾಹ್ನವನ್ನು ಎಷ್ಟು ಸಲ ಯೋಚಿಸಿದ್ದೇನೋ. ಮಂಜು ಮುಸುಕಿ ಆಟ ಶುರುವಾಗುವುದೇ ತಡವಾಗಿತ್ತು. ಸುತ್ತ ಸುಮಾರು ನಾಲ್ಕು ಸಾವಿರ ಜನ. ತಾನೇ ನೇಯ್ದು ಹೊಲಿದ ಅಂಗಿಯನ್ನು ಇನ್ನೊಬ್ಬ ತೊಟ್ಟು ಓಡಾಡುವುದನ್ನು ನೋಡುತ್ತ ನಿಂತವನು ಅವನು. ಒಂದು ಗೋಲೂ ಬರಲಿಲ್ಲ. ಆದರೂ ಇವತ್ತು ಜಗತ್ತಿನಲ್ಲಿ ದೇಶ ದೇಶಗಳ ನಡುವೆ ಎಲ್ಲಿ ಚೆಂಡು ಉರುಳಿದರೂ ಅದರ ಬೇರು ಆ ಮಧ್ಯಾಹ್ನದಲ್ಲಿದೆ. ಅವನು ಆ ದಿನ ಆಡಲಿಲ್ಲ, ಸುಹಾಸ.

ಮೂರು ವರ್ಷದ ಮೇಲೆ, 1875ರಲ್ಲಿ, ಓವಲ್ ಮೈದಾನದಲ್ಲಿ ಸ್ಕಾಟ್ಲೆಂಡಿನ ಎದುರು ಇಂಗ್ಲೆಂಡಿನ ನಾಯಕನಾಗಿ ಆಡಿದ, ಒಂದು ಗೋಲನ್ನೂ ಹೊಡೆದ. ದಾಖಲೆಗೆ ಸೇರಿದ್ದು ಅದೊಂದೇ ಪಂದ್ಯ. ನಿನ್ನ ಮೊಣಕಾಲೂ ಹಾಗೇ ಸರಿಹೋಗುತ್ತದೆ ಅನ್ನುವ ಆಸೆ ಹುಟ್ಟಿಸಲು ಇದನ್ನು ಬರೆಯುತ್ತಿಲ್ಲ. ಅದು ಡಾಕ್ಟರಿಗೆ ಬಿಟ್ಟದ್ದು. ಸುಳ್ಳು ಧೈರ್ಯ ಕೊಡುವ ವಯಸ್ಸು ನನ್ನದಲ್ಲ.

ಈಗ ನನ್ನದನ್ನು ಹೇಳಬೇಕು. ನಿಮ್ಮಮ್ಮನಿಗೂ ಪೂರ್ತಿ ಗೊತ್ತಿಲ್ಲ.

1983. ಬೆಂಗಳೂರು, ಸಿ ಡಿವಿಷನ್ ಲೀಗ್. ನನಗೆ ಮೂವತ್ತೊಂದು, ಕಾಲು ಭಾರವಾಗತೊಡಗಿತ್ತು. ನಮ್ಮ ಕ್ಲಬ್ ನಡೆಸುತ್ತಿದ್ದ ಹಿರಿಯರು ಒಂದು ಸಂಜೆ ರಿಜಿಸ್ಟರನ್ನು ತಂದು ನನ್ನ ತೊಡೆಯ ಮೇಲಿಟ್ಟರು. ‘ನನ್ನ ಕಣ್ಣು ಮಂಜಾಗಿದೆ, ಇನ್ನು ನೀನು ನೋಡ್ಕೋ’ ಎಂದರು. ‘ಆಡೋವರೆಗೂ ಆಡ್ತೀನಿ ಸಾರ್, ಗುಮಾಸ್ತನ ಕೆಲಸ ನನ್ನ ಕೈಲಾಗಲ್ಲ’ ಎಂದುಬಿಟ್ಟೆ. ಅವರು ಪುಸ್ತಕ ವಾಪಸು ತೆಗೆದುಕೊಳ್ಳಲಿಲ್ಲ, ಸುಮ್ಮನೆ ಎದ್ದು ಹೋದರು. ನಾನೂ ತೆರೆದು ನೋಡಲಿಲ್ಲ. ಎರಡನೆಯ ವರ್ಷ ನೋಂದಣಿ ಫೀಜು ಕಟ್ಟುವ ದಿನ ಯಾರಿಗೂ ನೆನಪಾಗದೆ ದಾಟಿಹೋಯಿತು. ಲೀಗಿನಿಂದ ಹೆಸರು ತೆಗೆದರು. ಸೈಕಲ್ ಶಾಪಿನಲ್ಲಿ ದುಡಿಯುತ್ತಿದ್ದ ನಮ್ಮ ಗೋಲ್‌ಕೀಪರ್ ಹುಡುಗ ದಾರಿಯಲ್ಲಿ ಸಿಕ್ಕಿ, ‘ಅಣ್ಣಾ, ಈ ಸಲ ಪ್ರಾಕ್ಟೀಸ್ ಯಾವತ್ತಿಂದ?’ ಎಂದು ಕೇಳಿದ. ಗ್ರೀಸ್ ಮೆತ್ತಿದ ಕೈ ಒರೆಸಿಕೊಳ್ಳುತ್ತ ಕೇಳಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಬಸ್ಸು ಬಂತು ಎಂದು ಸುಳ್ಳು ಹೇಳಿ ಹೊರಟುಬಿಟ್ಟೆ.

ಗೆರೆಯ ಆಚೆ ನಿಲ್ಲುವುದಕ್ಕೆ ನಾನೂ ಹೆದರಿದವನೇ. ಹೆದರಿ ಒಳಗೇ ಉಳಿದೆ, ಆಮೇಲೆ ಗೆರೆಯೇ ಇರಲಿಲ್ಲ.

ಆಲ್‌ಕಾಕ್‌ಗೆ ಆ ಹೆದರಿಕೆ ಇತ್ತೋ ಇಲ್ಲವೋ, ಅವನು ಬೆಳಿಗ್ಗೆ ಮೇಜಿನ ಮುಂದೆ ಕೂತು ಮಧ್ಯಾಹ್ನ ಬೂಟು ಕಟ್ಟಿದವನು. ಎಲ್ಲ ಕ್ಲಬ್ಬುಗಳೂ ಸ್ಪರ್ಧಿಸುವ ಒಂದು ಕಪ್ ಬೇಕು ಎಂದು 1871ರ ಜುಲೈ 20ರಂದು ಮುಂದಿಟ್ಟದ್ದು ಅವನೇ. ಮೊದಲ ವರ್ಷ ಸೇರಿದ್ದು 15 ತಂಡ. ಬರೀ 20 ಪೌಂಡಿನ ಬೆಳ್ಳಿ ಕಪ್ಪು. ಅದರ ಮೊದಲ ಫೈನಲ್ಲಿನಲ್ಲಿ ವಾಂಡರರ್ಸ್ ತಂಡಕ್ಕೆ ತಾನೇ ನಾಯಕ. ಅವನು ಹೊಡೆದ ಒಂದು ಗೋಲು ಕೈಗೆ ತಾಗಿತೆಂದು ರದ್ದಾಯಿತು, ಮಾರ್ಟನ್ ಬೆಟ್ಸ್ ಹೊಡೆದ ಒಂದೇ ಗೋಲಿನಿಂದ ಗೆದ್ದರು. ಸರ‍್ರೆ ಕ್ರಿಕೆಟ್ ಕ್ಲಬ್ಬಿನ ಸೆಕ್ರೆಟರಿಯಾಗಿ 1872ರಿಂದ 1907ರಲ್ಲಿ ತೀರಿಕೊಳ್ಳುವವರೆಗೂ ದುಡಿದ. ಇಂಗ್ಲೆಂಡಿನ ನೆಲದ ಮೊದಲ ಟೆಸ್ಟ್ ಪಂದ್ಯವನ್ನು 1880ರಲ್ಲಿ ಓವಲ್ಲಿನಲ್ಲಿ ಏರ್ಪಡಿಸಿದ್ದೂ ಅವನೇ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಗಿರಣಿ ಊರುಗಳ ಹುಡುಗರು ಆಡಿ ಸಂಬಳ ಪಡೆಯುವುದು ತಪ್ಪು ಎಂದು ಅವನ ಜೊತೆಯ ಎಷ್ಟೋ ಜನ ಮೂಗು ಮುರಿಯುತ್ತಿದ್ದಾಗ, ಕಾಸು ಮುಟ್ಟದೆ ಆಡಿದ ಇವನು ಆ ಹುಡುಗರ ಪರ ನಿಂತ. 1885ರಲ್ಲಿ ಸಂಬಳ ಪಡೆದು ಆಡುವುದಕ್ಕೆ ನಿಯಮದಲ್ಲೇ ಒಪ್ಪಿಗೆ ಸಿಕ್ಕಿತು. ಗೆರೆಯ ಆಚೆ ನಿಂತಾಗಲೇ ಹನ್ನೊಂದು ಜನವೂ ಒಟ್ಟಿಗೆ ಕಾಣುತ್ತಾರೇನೋ, ನನಗೆ ಹಾಗನ್ನಿಸುತ್ತದೆ.

ಬುದ್ಧಿವಾದ ಹೇಳುವ ಯೋಗ್ಯತೆ ನನಗಿಲ್ಲ, ಆ ರಿಜಿಸ್ಟರನ್ನು ತೆರೆಯದವನು ನಾನು. ಆದರೂ ಎರಡು ಮಾತು. ಕ್ಲಬ್ಬಿನ ಹಣ ನಿನ್ನ ಖಾತೆಗೆ ಬರದಿರಲಿ, ಬೇರೆ ಖಾತೆ ತೆಗೆಸು. ಫೀಜು ಕಟ್ಟುವ ದಿನವನ್ನು ಇನ್ನೊಬ್ಬರಿಗೂ ಹೇಳಿಟ್ಟಿರು, ನಿನ್ನೊಬ್ಬನ ನೆನಪನ್ನು ನಂಬಬೇಡ. ಮತ್ತೆ, ಪ್ರಾಕ್ಟೀಸಿಗೆ ಹೋಗುವುದನ್ನು ಬಿಡಬೇಡಪ್ಪ. ಮೊದಲ ಕೆಲವು ವಾರ ಹೊಟ್ಟೆ ಉರಿಯುತ್ತದೆ. ಉರಿಯಲಿ. ಇಷ್ಟವಿಲ್ಲದಿದ್ದರೆ ಸೆಕ್ರೆಟರಿ ಆಗಲೇಬೇಕು ಅಂತಲೂ ಇಲ್ಲ, ನನ್ನ ತಪ್ಪನ್ನು ನಿನ್ನ ಕೈಯಲ್ಲಿ ತಿದ್ದಿಸುವ ಆಸೆ ನನಗಿರಬಾರದು. ಆ ‘ಅಷ್ಟೇ’ ಅನ್ನುವ ಮಾತೊಂದನ್ನು ಮಾತ್ರ ಮತ್ತೆ ಬರೆಯಬೇಡ.

ಸೀಸನ್ನಿನ ಮೊದಲ ಪಂದ್ಯ ಯಾವತ್ತು ಅಂತ ತಿಳಿಸು. ಹಿಂದಿನ ದಿನವೇ ಲೀಡ್ಸ್‌ಗೆ ರೈಲು ಹತ್ತುತ್ತೇನೆ. ನೀನು ಎಲ್ಲಿ ನಿಂತಿರುತ್ತೀಯೋ ಅಲ್ಲೇ ಪಕ್ಕದಲ್ಲಿ ನಿಲ್ಲುತ್ತೇನೆ. ನಿಮ್ಮತ್ತೆ ಚಕ್ಕುಲಿ ಕಳಿಸುತ್ತಾಳಂತೆ, ಹುಡುಗರು ಎಷ್ಟು ಜನ ಅಂತಲೂ ಬರೆ.

ನಿನ್ನ ಮಾವ