ಹೊಸ ಬಡಾವಣೆಯಲ್ಲಿ ಮನೆ ನೋಡುತ್ತಿರುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸರ್ಜಾಪುರ, ವರ್ತೂರು ಕಡೆ ಹೊಸ ಅಪಾರ್ಟ್‌ಮೆಂಟ್ ನೋಡುತ್ತಿರುವವರು ನಮ್ಮಲ್ಲಿ ಸುಮಾರು ಜನ ಇದ್ದೀರಿ, ದಯವಿಟ್ಟು ಇದನ್ನು ಪೂರ್ತಿ ಓದಿ. ಬುಕಿಂಗ್ ಅಂತ ದೊಡ್ಡ ಮೊತ್ತ ಕೇಳಿದರೆ ಕೊಡಬೇಡಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಪ್ರಕಾರ ಮಾರಾಟದ ಕರಾರು ನೋಂದಣಿ ಆಗುವ ಮೊದಲು ಮನೆ ಬೆಲೆಯ ಶೇ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಪ್ರಾಜೆಕ್ಟಿನ ನೋಂದಣಿ ಸಂಖ್ಯೆ ಕೇಳಿ ಪಡೆದು, ಕರ್ನಾಟಕ ರೇರಾ ವೆಬ್‌ಸೈಟಿನಲ್ಲಿ ನೀವೇ ಹಾಕಿ ನೋಡಿ. ಸುಮ್ನೆ ಬ್ರೋಷರ್ ನಂಬಬೇಡಿ.

ಓಸಿ (ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಸರ್ಕಾರಿ ಪ್ರಮಾಣಪತ್ರ) ಬಂದಿದೆಯಾ ಅಂತ ಕೇಳಿದರೆ "ಇನ್ನೇನು ಬರುತ್ತೆ ಸರ್" ಅನ್ನುತ್ತಾರೆ. ನಾವು ಆ ಮಾತು ನಂಬಿ ಹಾಲು ಉಕ್ಕಿಸಿಬಿಟ್ಟೆವು, ಆಮೇಲೆ ಖಾತೆಗೆ ಅಲೆದಿದ್ದು ಅಷ್ಟಿಷ್ಟಲ್ಲ. ಕೈಯಲ್ಲಿ ಪ್ರತಿ ಹಿಡಿದು ನೋಡುವ ತನಕ ಒಪ್ಪಬೇಡಿ.

ನೀರಿನ ವಿಷಯ ಎಲ್ಲಕ್ಕಿಂತ ಮುಖ್ಯ. ಕಾವೇರಿ ಸಂಪರ್ಕ ಇದೆಯಾ, ಬರೀ ಬೋರ್‌ವೆಲ್ಲಾ, ಟ್ಯಾಂಕರಾ? ಸಂಜೆ ಮಾಡೆಲ್ ಫ್ಲ್ಯಾಟ್ ನೋಡಿ ಬರುವುದಲ್ಲ, ಬೆಳಿಗ್ಗೆ ಆರಕ್ಕೆ ಗೇಟಿನ ಹತ್ತಿರ ನಿಂತು ಎಷ್ಟು ಟ್ಯಾಂಕರ್ ಒಳಗೆ ಹೋಗುತ್ತವೆ ಅಂತ ಎಣಿಸಿ, ಯಾರದ್ದಾದರೂ ಅಡುಗೆಮನೆ ನಲ್ಲಿ ನೋಡಿ. ನಮ್ಮ ಹೊಸ ನಲ್ಲಿಗೆ ಮೂರೇ ತಿಂಗಳಲ್ಲಿ ಬಿಳಿ ಉಪ್ಪು ಕಟ್ಟಿತ್ತು.

ಈಗಾಗಲೇ ಮನೆ ಕೈಗೆ ಬಂದವರು ಗೋಡೆ ಬಿರುಕಿನ ಫೋಟೋ ತೆಗೆದಿಡಿ. ಕಟ್ಟಡದ ರಚನೆಯ ದೋಷವನ್ನು 5 ವರ್ಷದ ಒಳಗೆ ತಿಳಿಸಿದರೆ ಬಿಲ್ಡರೇ ತಮ್ಮ ಖರ್ಚಿನಲ್ಲಿ ಸರಿಮಾಡಬೇಕು.

ಈ ಭಾನುವಾರ ಯಾರಾದರೂ ಮನೆ ನೋಡಲು ಹೋಗುವುದಿದ್ದರೆ ಹೇಳಿ, ನಾನೂ ಬರುತ್ತೇನೆ.