ಅರ್ಥಧಾರಿ ಶಾಸಕನಾದರೆ

ಪ್ರಿಯ ರಮೇಶ,

ಚುನಾವಣೆಗೆ ನಿಲ್ಲಿ ಅಂತ ಪಕ್ಷದವರು ನಿನ್ನ ಭಾವನಿಗೆ ಗಂಟು ಬಿದ್ದಿದ್ದಾರೆ ಅಂತ ಬರೆದಿದ್ದೀಯಲ್ಲ, ಓದಿ ನಗು ಬಂತು. ತಾಳಮದ್ದಳೆ ಅಂದರೆ ವೇಷ, ಕುಣಿತ ಇಲ್ಲದೆ ಕೂತು ಪದ್ಯ, ಮಾತಿನಲ್ಲೇ ನಡೆಸುವ ಯಕ್ಷಗಾನ; ಅದರಲ್ಲಿ ಪಾತ್ರದ ಮಾತು, ಅಂದರೆ ಅರ್ಥ, ಹೇಳುವ ಭಾವನಂಥ ಅರ್ಥಧಾರಿಗಳಿಗೆ ವಿಧಾನಸಭೆಯಲ್ಲಿ ಏನು ಕೆಲಸ ಅಂತ ಬೇರೆ ಕೇಳಿದ್ದೀ. ಮಾರಾಯ, ಈ ಪ್ರಶ್ನೆಯನ್ನು ಸುರತ್ಕಲ್‌ನವರ ಹತ್ತಿರ ಕೇಳಬಾರದು. ನಮ್ಮ ಕ್ಷೇತ್ರದಿಂದ ಅಂಥವರೊಬ್ಬರು ಗೆದ್ದು ಹೋಗಿದ್ದಾರೆ. ಕುಂಬಳೆ ಸುಂದರ ರಾವ್. ಪುಣೆ ಸೇರಿದ ಮೇಲೆ ನೀನು ಮರೆತಿರಬೇಕು.

ಅವರು ಹುಟ್ಟಿದ್ದು 1934ರಲ್ಲಿ, ಕುಂಬಳೆಯಲ್ಲಿ. ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನ ಕವಿ ಪಾರ್ತಿಸುಬ್ಬನ ಊರು ಅದು. 1956ರಲ್ಲಿ ರಾಜ್ಯಗಳನ್ನು ಹಂಚಿದಾಗ ಕಾಸರಗೋಡು ಕೇರಳಕ್ಕೆ ಹೋಯಿತು, ಜೊತೆಗೆ ಕುಂಬಳೆಯೂ. ಅಂದರೆ ಈಗಿನ ಲೆಕ್ಕದಲ್ಲಿ ಅವರು ಹುಟ್ಟಿದ್ದು ಕೇರಳದಲ್ಲಿ, ಶಾಸಕರಾದದ್ದು ಕರ್ನಾಟಕದಲ್ಲಿ. ಯಕ್ಷಗಾನಕ್ಕೆ ಆ ಗಡಿ ಯಾವತ್ತೂ ಕಾಣಿಸಿದ್ದಿಲ್ಲ ಬಿಡು. ಸುರತ್ಕಲ್ ಮೇಳ ಅನ್ನುವ ಯಕ್ಷಗಾನ ತಂಡದಲ್ಲಿ ತಿರುಗಾಟ ಮಾಡಿದರು, ಆಮೇಲೆ ವರ್ಷಗಟ್ಟಲೆ ಧರ್ಮಸ್ಥಳ ಮೇಳ. ನವೆಂಬರ್‌ನಿಂದ ಮೇ ಕೊನೆಯ ಪತ್ತನಾಜೆವರೆಗೆ ವೇಷ, ಮಳೆ ಹಿಡಿದ ಮೇಲೆ ತಾಳಮದ್ದಳೆ.

ಅವರ ಮಾತು ನಿನಗೆ ನೆನಪಿದೆಯೋ ಇಲ್ಲವೋ. ಪ್ರಾಸ ಹುಡುಕಿ ಹಾಕಿದ ಹಾಗೆ ಇರುತ್ತಿರಲಿಲ್ಲ, ತಾನಾಗಿ ಬಂದು ಸಾಲಿನಲ್ಲಿ ಕೂರುತ್ತಿತ್ತು. ನಮ್ಮ ಅಪ್ಪನಿಗೆ ಅದು ಸ್ವಲ್ಪ ಜಾಸ್ತಿ ಅನ್ನಿಸುತ್ತಿತ್ತು. ಅಪ್ಪನಿಗೆ ಇನ್ನೊಬ್ಬ ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ತರ್ಕ ಬೇಕು. ಶೇಣಿ ಒಂದು ಕಡೆ, ಕುಂಬಳೆ ಇನ್ನೊಂದು ಕಡೆ ಕೂತರೆ ಮನೆಗೆ ಬಂದ ಮೇಲೂ ಜಗಳ ಮುಗಿಯುತ್ತಿರಲಿಲ್ಲ. ನಾನು ಕುಂಬಳೆಯವರ ಕಡೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ತಾಳಮದ್ದಳೆಯಲ್ಲಿ ಬಾಯಿಪಾಠ ನಡೆಯುವುದಿಲ್ಲ ಅಲ್ವಾ? ಹಾಡುಗಾರರಾದ ಭಾಗವತರು ಪದ್ಯ ಹೇಳುತ್ತಾರೆ, ಅದರ ಮೇಲೆ ಅಲ್ಲೇ ಕೂತು ಮಾತು ಕಟ್ಟಬೇಕು. ಎದುರಿನವನು ಏನು ಹೇಳಿದ ಅಂತ ಕೊನೆಯವರೆಗೂ ಕೇಳಿಸಿಕೊಳ್ಳಬೇಕು. ಅವನು ಎತ್ತಿದ ಪ್ರಶ್ನೆಗೇ ಉತ್ತರ ಕೊಡಬೇಕು. ಕೌರವನ ಅರ್ಥ ಹೇಳುವವನೂ ತನ್ನ ಕಡೆ ನ್ಯಾಯವಿದೆ ಅಂತ ಸಭೆಗೆ ಅನ್ನಿಸುವ ಹಾಗೆ ಮಾತಾಡಬೇಕು. ಪದ್ಯ ಬಿಟ್ಟು ಎಲ್ಲೆಲ್ಲೋ ಹೋದರೆ ಭಾಗವತರು ಮುಂದಿನ ಪದ್ಯ ಎತ್ತಿಬಿಡುತ್ತಾರೆ, ಅಲ್ಲಿಗೆ ಬಾಯಿ ಮುಚ್ಚಬೇಕು. ಸಭಾಧ್ಯಕ್ಷರ ಗಂಟೆಗಿಂತ ಇದು ಎಷ್ಟೋ ಕಟ್ಟುನಿಟ್ಟು. ಈಗ ಅಧಿವೇಶನ ಟಿವಿಯಲ್ಲಿ ಬರುತ್ತದಲ್ಲ, ಒಬ್ಬರು ಎದ್ದರೆ ಹತ್ತು ಜನ ಏಳುತ್ತಾರೆ, ಯಾರೂ ಯಾರಿಗೂ ಉತ್ತರ ಕೊಡುವುದಿಲ್ಲ. ಇವರನ್ನೆಲ್ಲ ಒಂದು ಮಳೆಗಾಲ ತಾಳಮದ್ದಳೆಗೆ ಕೂರಿಸಬೇಕು ಅನ್ನಿಸುತ್ತದೆ ನನಗೆ.

1994ರಲ್ಲಿ ಬಿಜೆಪಿ ಟಿಕೆಟ್‌ನಲ್ಲಿ ನಿಂತು ಗೆದ್ದಾಗ ಅವರಿಗೆ ಅರವತ್ತು ವರ್ಷ. ಆ ಸಲ 224 ಸ್ಥಾನಗಳಲ್ಲಿ ಜನತಾದಳಕ್ಕೆ 115 ಬಂತು, ಬಿಜೆಪಿಗೆ 40. ಮೊದಲು ದೇವೇಗೌಡರು ಮುಖ್ಯಮಂತ್ರಿ, 1996ರಿಂದ ಜೆ.ಎಚ್. ಪಟೇಲರು. ಪಟೇಲರೂ ಮಾತಿನಲ್ಲಿ ಸಾಮಾನ್ಯರಲ್ಲ. ಸರ್ಕಾರ ಜನತಾದಳದ್ದು, ಹಾಗಾಗಿ ಕುಂಬಳೆಯವರಿಗೆ ಸಿಕ್ಕಿದ್ದು ವಿರೋಧ ಪಕ್ಷದ ಬೆಂಚು. ಮಾತಾಡುವವನಿಗೆ ಅದೇ ಒಳ್ಳೆ ಜಾಗ ಅನ್ನಬಹುದು. ಕ್ಷೇತ್ರಕ್ಕೆ ಅನುದಾನ ತರಬೇಕಾದವನಿಗೆ ಅಲ್ಲ.

ನಿನ್ನ ಭಾವ ಯೋಚಿಸಬೇಕಾದದ್ದು ಇಲ್ಲಿ. ಸುರತ್ಕಲ್ ಅಂದರೆ ಸುಮ್ನೆ ಅಲ್ಲ. ಪಣಂಬೂರಿನಲ್ಲಿ ಬಂದರು ಕಟ್ಟುವಾಗ ಎಬ್ಬಿಸಿದ ಜನ ಕಾಟಿಪಳ್ಳ, ಕೃಷ್ಣಾಪುರದಲ್ಲಿದ್ದಾರೆ. ರಸಗೊಬ್ಬರದ ಎಂಸಿಎಫ್ ಇದೆ. 1996ರಲ್ಲಿ ಎಂಆರ್‌ಪಿಎಲ್ ರಿಫೈನರಿ ಶುರುವಾಯಿತು, ಅದಕ್ಕೂ ಜನ ಜಾಗ ಬಿಟ್ಟುಕೊಟ್ಟಿದ್ದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಿತು. ಇಂಥ ಕಡೆ ಶಾಸಕನ ಮನೆಗೆ ಬೆಳಗ್ಗೆ ಬರುವವರು ಪ್ರಾಸ ಕೇಳುವುದಿಲ್ಲ. ಮಗನಿಗೆ ಫ್ಯಾಕ್ಟರಿಯಲ್ಲಿ ಕೆಲಸ, ಬಾಕಿ ಉಳಿದ ಪರಿಹಾರ, ಆರ್‌ಟಿಸಿಯಲ್ಲಿ ತಪ್ಪಿದ ಹೆಸರು, ಟ್ರಾನ್ಸ್‌ಫರ್, ಮದುವೆಗೆ ಬನ್ನಿ, ಗೃಹಪ್ರವೇಶಕ್ಕೆ ಬನ್ನಿ. ವಿಧಾನಸಭೆಯಲ್ಲಿ ಎಷ್ಟು ಚೆನ್ನಾಗಿ ಮಾತಾಡಿದರು ಅಂತ ನೋಡಿ ವೋಟು ಹಾಕಿದವರನ್ನು ನಾನಂತೂ ಕಂಡಿಲ್ಲ. ನಾವೇ ಹಾಗೆ, ಏನು ಮಾಡುವುದು.

ಇನ್ನೊಂದು ಮಾತು ಬರೆಯದೆ ಬಿಟ್ಟರೆ ಸರಿಯಾಗುವುದಿಲ್ಲ. 1998ರ ಕೊನೆಯಲ್ಲಿ ಸುರತ್ಕಲ್‌ನಲ್ಲಿ ಕೋಮು ಗಲಭೆಯಾಯಿತು. ಜನ ಸತ್ತರು, ಕರ್ಫ್ಯೂ ಬಂತು. ಅವರು ಶಾಸಕರಾಗಿದ್ದ ಕಾಲವೇ. ನಾನು ಯಾರ ಮೇಲೂ ಹೇಳುತ್ತಿಲ್ಲ. ಆದರೆ ರಾಮ, ವಾಲಿ, ಕೃಷ್ಣ, ಕರ್ಣ ಅಂತ ಎರಡೂ ಕಡೆಯ ನ್ಯಾಯವನ್ನು ರಾತ್ರಿಯಿಡೀ ಕೇಳಿ ಬೆಳೆದ ಊರು ಇದು. ಬೀದಿಗೆ ಇಳಿದಾಗ ಅದು ಯಾರ ನೆನಪಿಗೂ ಬರಲಿಲ್ಲ. ಇವತ್ತಿಗೂ ನನಗೆ ಇದು ಅರ್ಥವಾಗದ ವಿಷಯ.

ಒಂದೇ ಅವಧಿ. ಮತ್ತೆ ಅವರು ವಿಧಾನಸಭೆಗೆ ಹೋಗಲಿಲ್ಲ. 2008ರ ಹೊತ್ತಿಗೆ ಸುರತ್ಕಲ್ ಅನ್ನುವ ಕ್ಷೇತ್ರವೇ ಹೋಗಿ ಮಂಗಳೂರು ನಗರ ಉತ್ತರ ಬಂತು. ಅವರು ತಾಳಮದ್ದಳೆಗೆ ಮರಳಿದರು. ಯಕ್ಷಗಾನ ಬಯಲಾಟ ಅಕಾಡೆಮಿಯ ಅಧ್ಯಕ್ಷರೂ ಆದರು. 2022ರ ನವೆಂಬರ್ 30ರಂದು ತೀರಿಕೊಂಡಾಗ ಇಲ್ಲಿ ಜನ ಮಾತಾಡಿಕೊಂಡದ್ದು ಅವರ ಅರ್ಥಗಾರಿಕೆಯ ಬಗ್ಗೆ. ಮಾಜಿ ಶಾಸಕರು ಅನ್ನುವುದು ಎರಡನೇ ಸಾಲಿನಲ್ಲಿ ಬರುತ್ತಿತ್ತು. ರಾಜಕೀಯಕ್ಕೆ ಹೋಗಿಯೂ ಹಾಗೆ ಉಳಿದುಕೊಳ್ಳುವುದು ಸಣ್ಣ ವಿಷಯ ಅಲ್ಲ ಮಾರಾಯ.

ಭಾವನಿಗೆ ನಿಲ್ಲಬೇಡಿ ಅಂತ ನಾನು ಹೇಳುವುದಿಲ್ಲ. ನಿಂತರೆ ನನ್ನ ವೋಟು ಅಲ್ಲಿಲ್ಲ, ಪ್ರಚಾರಕ್ಕೆ ಬೇಕಾದರೆ ಬರುತ್ತೇನೆ. ಆದರೆ ಒಪ್ಪುವ ಮೊದಲು ಒಂದು ವಾರ ಈಗಿನ ಶಾಸಕರ ಮನೆ ಅಂಗಳದಲ್ಲಿ ಬೆಳಗ್ಗೆ ಏಳು ಗಂಟೆಗೆ ಹೋಗಿ ಸುಮ್ನೆ ಕೂತು ನೋಡಲಿ. ಖರ್ಚು ಯಾರು ಹಾಕುತ್ತಾರೆ ಅಂತ ಪಕ್ಷದವರನ್ನು ಬಾಯಿಬಿಟ್ಟು ಕೇಳಲಿ. ಅಕ್ಕ ಏನು ಹೇಳುತ್ತಾರೆ, ಅದನ್ನು ನೀನು ಬರೆಯಲೇ ಇಲ್ಲ. ಮುಂದಿನ ಪತ್ರದಲ್ಲಿ ಮೊದಲು ಅದನ್ನು ಬರಿ.

ನಿನ್ನ,
ದಿನೇಶ
ಸುರತ್ಕಲ್