ಅರವತ್ತು ಜನರ ಕಮ್ಮಟ ಬೇಡ, ಹನ್ನೆರಡು ಜನ ಸಾಕು: ಕನ್ನಡ ಮತ್ತು ಸಂಸ್ಕೃತಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ದಲಿತ, ಆದಿವಾಸಿ, ಅಲೆಮಾರಿ ಸಮುದಾಯಗಳ ಹೊಸ ಬರಹಗಾರರಿಗೆಂದು ನಡೆಯುವ ಸಾಹಿತ್ಯ ಕಮ್ಮಟಗಳ ಬಗ್ಗೆ ಈ ಪತ್ರ. ದುಡ್ಡಿಲ್ಲ ಎಂಬುದು ನಮ್ಮ ದೂರಲ್ಲ. ಪರಿಶಿಷ್ಟ ಜಾತಿ, ಪಂಗಡಗಳಿಗೆ ಬಜೆಟ್ಟಿನಲ್ಲಿ ಹಣ ಮೀಸಲಿಡುವ ಉಪಯೋಜನೆಗೆ 2013ರ ಕಾಯ್ದೆಯೇ ಇದೆ. ಆ ಹಣ ಖರ್ಚಾಗುವ ರೀತಿಗೆ ನಮ್ಮ ತಕರಾರು.

ಮಾರ್ಚ್ ಒಳಗೆ ಬಿಲ್ ಆಗಬೇಕೆಂಬ ಅವಸರದಲ್ಲಿ ಕಮ್ಮಟದ ದಿನಾಂಕ ನಿಗದಿಯಾಗುತ್ತದೆ. ಪ್ರಾಂಶುಪಾಲರು ಕೈಗೆ ಸಿಕ್ಕ ವಿದ್ಯಾರ್ಥಿಗಳನ್ನು ಕಳಿಸುತ್ತಾರೆ. ಉದ್ಘಾಟನೆಗೆ ಅರ್ಧ ದಿನ, ಸಮಾರೋಪಕ್ಕೆ ಅರ್ಧ ದಿನ, ನಡುವೆ ಉಪನ್ಯಾಸದ ಮೇಲೆ ಉಪನ್ಯಾಸ. ಬಂದ ಅರವತ್ತು ಜನರಲ್ಲಿ ಒಬ್ಬರ ಬರಹವನ್ನಾದರೂ ಯಾರೂ ಸಾಲು ಹಿಡಿದು ಓದಿರುವುದಿಲ್ಲ. ಎಲ್ಲ ಕಡೆ ಹೀಗೇ ಎನ್ನುವುದಿಲ್ಲ, ಬಹುಪಾಲು ಹೀಗೇ.

ಅಮೆರಿಕದ ಕಪ್ಪು ಕವಿಗಳಿಗಾಗಿ ಟಾಯ್ ಡೆರಿಕಾಟ್ ಮತ್ತು ಕಾರ್ನೀಲಿಯಸ್ ಈಡಿ 1996ರಲ್ಲಿ ‘ಕೇವ್ ಕೇನಮ್’ ಎಂಬ ಸಂಸ್ಥೆ ಕಟ್ಟಿದರು. ಅಲ್ಲಿ ಆಯ್ಕೆಯಾದ ಕವಿಯನ್ನು ಒಮ್ಮೆ ಕರೆದು ಕೈಬಿಡುವುದಿಲ್ಲ. ಐದು ವರ್ಷಗಳೊಳಗೆ ಮೂರು ಶಿಬಿರಗಳಿಗೆ ಬರಬಹುದು. ಹೀಗಾಗಿ ಹೊಸಬರು, ಎರಡನೇ ಸಲದವರು, ಮೂರನೇ ಸಲದವರು ಒಂದೇ ಸುತ್ತಿನಲ್ಲಿ ಕೂರುತ್ತಾರೆ. ಟ್ರೇಸಿ ಕೆ. ಸ್ಮಿತ್ (2012), ಜೆರಿಕೊ ಬ್ರೌನ್ (2020) ಕವಿತೆಗಾಗಿ ಪುಲಿಟ್ಜರ್ ಪ್ರಶಸ್ತಿ ಪಡೆಯುವ ಮೊದಲು ಆ ಸುತ್ತಿನಲ್ಲಿ ಕೂತವರೇ. ನಮ್ಮಲ್ಲೂ ಎಪ್ಪತ್ತರ ದಶಕದ ದಲಿತ ಚಳವಳಿ, 1979ರ ಬಂಡಾಯ ಸಾಹಿತ್ಯ ಸಂಘಟನೆ ಹೊಸಬರಿಗೆ ಓದುಗರನ್ನೂ ಜಗಳವಾಡುವ ಗೆಳೆಯರನ್ನೂ ಒದಗಿಸಿದ್ದವು, ಸರ್ಕಾರದ ನೆರವಿಲ್ಲದೆ.

ನಮ್ಮ ಸಲಹೆ ಇದು: ಮೂರು ದಿನದ ಒಂದು ಕಮ್ಮಟಕ್ಕೆ ಹನ್ನೆರಡು ಜನ, ನಾಲ್ವರು ಹಿರಿಯ ಬರಹಗಾರರು. ಆಯ್ಕೆಗೆ ಬಯೋಡೇಟಾ ಬೇಡ. ಮೂರು ಕವಿತೆ ಅಥವಾ ಒಂದು ಕತೆ ಸಾಕು, ಹೆಸರು ಮುಚ್ಚಿ ಓದಲಿ. ಕಂಪ್ಯೂಟರಿನ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಯೇ ಕಳಿಸಬೇಕೆಂಬ ಷರತ್ತು ಹಾಕಿದರೆ ಮೊಬೈಲಿನಲ್ಲಿ ಬರೆಯುವ ಹುಡುಗಿ ಅಲ್ಲೇ ಹೊರಗುಳಿಯುತ್ತಾಳೆ. ನೋಟ್‌ಬುಕ್ಕಿನ ಹಾಳೆಯ ಫೋಟೊ ವಾಟ್ಸಾಪಿನಲ್ಲಿ ಬಂದರೂ ತೆಗೆದುಕೊಳ್ಳಿ. ಹಸ್ತಪ್ರತಿಗಳು ಹದಿನೈದು ದಿನ ಮೊದಲೇ ಎಲ್ಲರ ಕೈಗೆ ಸೇರಬೇಕು. ಒಂದು ಬರಹಕ್ಕೆ ನಲವತ್ತು ನಿಮಿಷ: ಬರೆದವರು ಗಟ್ಟಿಯಾಗಿ ಓದಿ ಸುಮ್ಮನಿರಬೇಕು, ಉಳಿದವರು ಮಾತಾಡಬೇಕು, ಹಿರಿಯರ ಮಾತು ಕೊನೆಗೆ. ಹಿರಿಯರು ಮೊದಲು ಮಾತಾಡಿದರೆ ಮಿಕ್ಕವರು ಬಾಯಿ ಬಿಡುವುದಿಲ್ಲ.

ಹಿರಿಯರ ಆಯ್ಕೆಯಲ್ಲೇ ಎಡವಟ್ಟು ಹೆಚ್ಚು. ಚಾಮರಾಜನಗರದ ಕಡೆಯ ಹುಡುಗ ‘ಅವ್ವ ಕೂಲಿಗೋಗವ್ಳೆ’ ಎಂದು ಬರೆದರೆ ಕೆಂಪು ಶಾಯಿ ಅದನ್ನು ‘ತಾಯಿ ಕೂಲಿಗೆ ಹೋಗಿದ್ದಾಳೆ’ ಮಾಡುತ್ತದೆ. ಮುಂದಿನ ಕತೆಯನ್ನು ಅವನು ಪಠ್ಯಪುಸ್ತಕದ ಕನ್ನಡದಲ್ಲೇ ಬರೆದು ತರುತ್ತಾನೆ, ಅದರಲ್ಲಿ ಅವನ ಊರು ಇರುವುದಿಲ್ಲ. ದೇವನೂರ ಮಹಾದೇವ ನಂಜನಗೂಡು ಸೀಮೆಯ ಆಡುಮಾತಿನಲ್ಲಿ ಬರೆದ ಕಾದಂಬರಿ ‘ಕುಸುಮಬಾಲೆ’ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದು ದಶಕಗಳಾದವು, ಕೆಂಪು ಶಾಯಿಗೆ ಇನ್ನೂ ಸುದ್ದಿ ಮುಟ್ಟಿಲ್ಲ! ಬರೆಯುವವರ ಸೀಮೆಯ ಮಾತು ಬಲ್ಲವರೊಬ್ಬರಾದರೂ ಹಿರಿಯರಲ್ಲಿರಲಿ. ಗೌರವಧನವನ್ನು ಭಾಷಣಕ್ಕಲ್ಲ, ಓದಿ ಟಿಪ್ಪಣಿ ಬರೆದ ಹಸ್ತಪ್ರತಿಗೆ ಇಷ್ಟು ಎಂದು ಕೊಡಿ. ಆಗ ಭಾಷಣಕಾರರು ತಾವಾಗಿಯೇ ಕಡಿಮೆಯಾಗುತ್ತಾರೆ.

ಇವರಲ್ಲಿ ಹಲವರು ಕೂಲಿಗೆ, ಡೆಲಿವರಿಗೆ, ಗಾರ್ಮೆಂಟ್ಸಿಗೆ ಹೋಗುವವರು. ಊಟ, ವಸತಿ ಕೊಟ್ಟರೂ ಮೂರು ದಿನದ ದುಡಿಮೆ ತಪ್ಪುತ್ತದೆ. ಆ ದಿನಗಳ ಕೂಲಿಯನ್ನೂ ಬಸ್ ಚಾರ್ಜನ್ನೂ ಬಂದ ದಿನವೇ ಕೈಗೆ ಕೊಡಿ. ಬಿಲ್ ಬರಲಿ, ಆಮೇಲೆ ಖಾತೆಗೆ ಹಾಕುತ್ತೇವೆ ಎಂದರೆ ಸಾಲ ಮಾಡಿ ಬಂದವರು ಮತ್ತೆ ಬರುವುದಿಲ್ಲ. ಎಳೆ ಮಗುವಿರುವ ತಾಯಂದಿರಿಗೆ ಜೊತೆಯವರೊಬ್ಬರ ಖರ್ಚೂ ಸೇರಲಿ.

ಕಮ್ಮಟದ ನಂತರದ ಹನ್ನೊಂದು ತಿಂಗಳೇ ಮುಖ್ಯ. ಒಬ್ಬ ಹಿರಿಯರಿಗೆ ಮೂವರು, ತಿಂಗಳಿಗೊಂದು ಬರಹ, ಫೋನಿನಲ್ಲಿ ಒಂದು ಗಂಟೆ. ಮರುವರ್ಷ ಅದೇ ಹನ್ನೆರಡು ಜನರನ್ನು ಮತ್ತೆ ಕರೆಯಿರಿ. ಪುಸ್ತಕದ ಹಂತ ಬಂದಾಗ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಸಹಾಯಧನವಿದೆ, ಸರಿ. ಮುದ್ರಣಕ್ಕೆ ಮೊದಲು ಹಸ್ತಪ್ರತಿಯನ್ನು ತಿದ್ದಿ ಕಟ್ಟುವ ಸಂಪಾದಕರಿಗೂ ಅದರ ಜೊತೆ ಒಂದು ಮೊತ್ತ ಬೇಕು.

ಮುಂದಿನ ಕ್ರಿಯಾಯೋಜನೆಯಲ್ಲಿ ‘ಫಲಾನುಭವಿಗಳ ಸಂಖ್ಯೆ’ಯ ಪಕ್ಕ ‘ಎರಡನೇ ವರ್ಷ ಮರಳಿ ಬಂದವರು’ ಎಂಬ ಕಾಲಂ ಸೇರಿಸಲು ಅಧಿಕಾರಿಗಳಿಗೆ ಸೂಚಿಸಬೇಕೆಂದು ಕೋರುತ್ತೇವೆ.

ಇಂತಿ,
ಹೊಸಬರ ಹಸ್ತಪ್ರತಿ ಓದುವ ಕೆಲವರು